ಯಾರನ್ನು ಕೇಳಿದಿರಿ, ಏನು ಕೇಳಿದಿರಿ?

ನಮಸ್ಕಾರ.

‘ಮನೋವಿಜ್ಞಾನದಲ್ಲಿ ಸಂಶೋಧನೆ ಮತ್ತು ಸಂಖ್ಯಾಶಾಸ್ತ್ರ’ ಎಂಬ ನಿಮ್ಮ ಲೇಖನ ಓದಿದೆ. ಈಗಿರುವ ಹಾಗೆ ಅದನ್ನು ಪ್ರಕಟಿಸಲು ಆಗುವುದಿಲ್ಲ. ಆದರೆ ಕೊನೆಯ ಎರಡು ಪುಟ ಚೆನ್ನಾಗಿವೆ. ಅದಕ್ಕೇ ‘ವಿಷಾದಿಸುತ್ತೇವೆ’ ಎಂದು ಒಂದೇ ಸಾಲು ಬರೆದು ಮುಗಿಸದೆ ಇಷ್ಟುದ್ದ ಬರೆಯುತ್ತಿದ್ದೇನೆ.

ಮೊದಲ ಮೂರು ಪುಟ ಪೂರ್ತಿ ತೆಗೆದುಬಿಡಿ. ಸರಾಸರಿ, ಮಧ್ಯಾಂಕ, ಬಹುಲಕ, ಮಾನಕ ವಿಚಲನೆ ಎಂದು ಒಂದೊಂದಕ್ಕೂ ವ್ಯಾಖ್ಯಾನ ಕೊಟ್ಟಿದ್ದೀರಿ, ಸೂತ್ರ ಕೊಟ್ಟಿದ್ದೀರಿ. ಎಂ.ಎಸ್ಸಿ. ಪರೀಕ್ಷೆಗೆ ಅದು ಸರಿ. ನಮ್ಮ ಓದುಗರು ಬಸ್ಸಿನಲ್ಲಿ ಕೂತು ಓದುವವರು, ಎರಡನೇ ಸೂತ್ರಕ್ಕೇ ಪುಟ ಮಗುಚುತ್ತಾರೆ.

ನಾಲ್ಕನೇ ಪುಟದಲ್ಲಿ ನನಗೆ ನಿಜವಾದ ತಕರಾರಿದೆ. ‘ಮೊಜಾರ್ಟ್ ಸಂಗೀತ ಕೇಳಿಸಿದರೆ ಮಕ್ಕಳ ಬುದ್ಧಿಮತ್ತೆ ಹೆಚ್ಚುತ್ತದೆ ಎಂದು 1993ರಲ್ಲಿ ವಿಜ್ಞಾನಿಗಳು ಸಾಬೀತು ಮಾಡಿದ್ದಾರೆ’ ಎಂದಿದ್ದೀರಿ. ಮೂಲ ವರದಿ ಓದಿದ್ದೀರಾ? ಫ್ರಾನ್ಸೆಸ್ ರೌಷರ್ ಮತ್ತು ಇಬ್ಬರು ಸಂಗಡಿಗರು ‘ನೇಚರ್’ ಎಂಬ ವಿಜ್ಞಾನ ಪತ್ರಿಕೆಗೆ ಬರೆದದ್ದು ಅದು. ಒಂದೇ ಪುಟ. ಅದರಲ್ಲಿ ಮಕ್ಕಳೇ ಇಲ್ಲ! ಇದ್ದವರು ಕ್ಯಾಲಿಫೋರ್ನಿಯಾದ 36 ಕಾಲೇಜು ವಿದ್ಯಾರ್ಥಿಗಳು. ಒಮ್ಮೆ ಹತ್ತು ನಿಮಿಷ ಮೊಜಾರ್ಟ್‌ನ ಪಿಯಾನೊ ಸೊನಾಟಾ, ಇನ್ನೊಮ್ಮೆ ಹತ್ತು ನಿಮಿಷ ಮೈಮನಸ್ಸು ಸಡಿಲಿಸುವ ಸೂಚನೆಗಳ ಟೇಪು, ಮತ್ತೊಮ್ಮೆ ಹತ್ತು ನಿಮಿಷ ಬರೀ ಮೌನ. ಪ್ರತಿ ಸಲವೂ ಆಮೇಲೆ ಒಂದು ಪರೀಕ್ಷೆ. ಕಾಗದ ಮಡಚಿ ಕತ್ತರಿ ಹಾಕಿದ ಚಿತ್ರ ತೋರಿಸಿ, ಬಿಡಿಸಿದಾಗ ಅದು ಹೇಗೆ ಕಾಣುತ್ತದೆ ಎಂದು ಕೇಳುವ ಥರದ ಪ್ರಶ್ನೆಗಳು. ಶಾಲೆಯಲ್ಲಿ ಬಣ್ಣದ ಕಾಗದ ಕತ್ತರಿಸಿ ಹೂವು ಮಾಡುತ್ತಿದ್ದೆವಲ್ಲ, ಅದನ್ನೇ ಮನಸ್ಸಿನಲ್ಲಿ ಮಾಡಬೇಕು. ಐಕ್ಯೂ ಲೆಕ್ಕಕ್ಕೆ ಇಳಿಸಿದಾಗ ಮೊಜಾರ್ಟ್ ನಂತರ 119, ಟೇಪಿನ ನಂತರ 111, ಮೌನದ ನಂತರ 110 ಬಂತು. ಪರಿಣಾಮ ಉಳಿದದ್ದು ಹತ್ತು ಹದಿನೈದು ನಿಮಿಷ. ಇದನ್ನೂ ಅವರೇ ಬರೆದಿದ್ದಾರೆ.

ಇಷ್ಟು ಸಣ್ಣ ವಿಷಯ ಎಲ್ಲಿಗೆ ಹೋಗಿ ಮುಟ್ಟಿತು ನೋಡಿ. 1998ರಲ್ಲಿ ಅಮೆರಿಕದ ಜಾರ್ಜಿಯಾ ರಾಜ್ಯದ ಗವರ್ನರ್ ಝೆಲ್ ಮಿಲ್ಲರ್, ಹುಟ್ಟುವ ಪ್ರತಿ ಮಗುವಿಗೂ ಶಾಸ್ತ್ರೀಯ ಸಂಗೀತದ ಸಿ.ಡಿ. ಕೊಡಲು ಬಜೆಟ್‌ನಲ್ಲಿ 1,05,000 ಡಾಲರ್ ಕೇಳಿದರು. ನಮ್ಮಲ್ಲಿ ಬಸುರಿಯರಿಗೆ ಮೊಜಾರ್ಟ್ ಕೇಳಿಸಿ ಎಂಬ ಸಲಹೆ ವಾಟ್ಸಾಪ್‌ನಲ್ಲಿ ಇವತ್ತಿಗೂ ಓಡಾಡುತ್ತದೆ. ನಿಮ್ಮ ವಾಕ್ಯವೂ ಅದೇ ದಾರಿಯಲ್ಲಿ ಬಂದದ್ದು, ಅಲ್ವಾ?

ನಿಜವಾದ ಕಥೆ ಇನ್ನೂ ಚೆನ್ನಾಗಿದೆ, ನೀವು ಅದನ್ನು ಬರೆಯಲೇ ಇಲ್ಲ. 1999ರಲ್ಲಿ ಕೆನಡಾದ ಇಬ್ಬರು ಸಂಶೋಧಕರು ಮೌನದ ಜಾಗದಲ್ಲಿ ಒಂದು ಕಥೆಯ ಓದನ್ನು ಇಟ್ಟರು. ಆಗ ಮೊಜಾರ್ಟ್‌ನ ಮೇಲುಗೈ ಹೋಯಿತು. ಸಂಗೀತ ಇಷ್ಟಪಟ್ಟವರು ಸಂಗೀತದ ನಂತರ, ಕಥೆ ಇಷ್ಟಪಟ್ಟವರು ಕಥೆಯ ನಂತರ ಚೆನ್ನಾಗಿ ಮಾಡಿದರು. ಅಂದರೆ ಹತ್ತು ನಿಮಿಷ ಸುಮ್ನೆ ಕೂತವರಿಗೆ ಹೋಲಿಸಿದರೆ, ಇಷ್ಟವಾದದ್ದನ್ನು ಕೇಳಿದವರು ಸ್ವಲ್ಪ ಚುರುಕಾಗಿದ್ದರು, ಅಷ್ಟೇ. ಕಂಟ್ರೋಲ್ ಗುಂಪಿಗೆ, ಅಂದರೆ ಹೋಲಿಕೆಗೆಂದು ಇಟ್ಟುಕೊಳ್ಳುವ ಗುಂಪಿಗೆ, ನೀವು ನಾಲ್ಕು ಸಾಲಿನ ವ್ಯಾಖ್ಯಾನ ಕೊಟ್ಟಿದ್ದೀರಿ. ಅದರ ಬದಲು ಈ ಪ್ರಯೋಗ ಹೇಳಿ. ‘ಯಾವುದಕ್ಕೆ ಹೋಲಿಸಿದರೆ?’ ಎಂಬ ಪ್ರಶ್ನೆ ಎಷ್ಟು ಮುಖ್ಯ ಎಂದು ಓದುಗರಿಗೆ ತಾನಾಗಿ ತಿಳಿಯುತ್ತದೆ. 2010ರಲ್ಲಿ ವಿಯೆನ್ನಾದ ಸಂಶೋಧಕರು ಸುಮಾರು 40 ಅಧ್ಯಯನಗಳನ್ನು, ಒಟ್ಟು 3000ಕ್ಕೂ ಹೆಚ್ಚು ಜನರ ಮಾಹಿತಿಯನ್ನು ಸೇರಿಸಿ ನೋಡಿದರು. ಪರಿಣಾಮ ತೀರಾ ಸಣ್ಣದು, ಬೇರೆ ಸಂಗೀತಕ್ಕೂ ಹೆಚ್ಚುಕಡಿಮೆ ಅಷ್ಟೇ. ‘ಸಾಬೀತಾಗಿದೆ’ ಎಂದು ಬರೆಯುವ ಮೊದಲು ಎಷ್ಟು ಜನ, ಎಂಥ ಜನ, ಏನನ್ನು ಅಳೆದರು, ಎಷ್ಟು ಹೊತ್ತು ಎಂದು ಬರೆಯಿರಿ. ಅಷ್ಟು ಬರೆದ ಮೇಲೆ ಆ ಪದ ಬೇಕೇ ಆಗದಿರಬಹುದು.

ಈಗ ನಿಮ್ಮದೇ ಸಮೀಕ್ಷೆ. ಇದಕ್ಕೇ ನಾನು ಕಾಯುತ್ತಿದ್ದೆ. ಹಾಸ್ಟೆಲ್‌ನ 32 ಹುಡುಗಿಯರು, ಮೊಬೈಲ್ ಬಳಕೆ, ಆತಂಕ. ನಮ್ಮ ಊರಿನ ವಿಷಯ, ನೀವೇ ಹೋಗಿ ಮಾಡಿದ ಕೆಲಸ. ‘ಮೊಬೈಲ್ ಆತಂಕವನ್ನು ಹುಟ್ಟಿಸುತ್ತದೆ, ಇದು ಶೇ. 96ರಷ್ಟು ನಿಜ’ ಎಂದು ತೀರ್ಮಾನ. ಪಿ ವ್ಯಾಲ್ಯೂ 0.04 ಬಂದದ್ದಕ್ಕೆ 96 ಎಂದಿದ್ದೀರಿ. ಅದರ ಅರ್ಥ ಹಾಗಲ್ಲ. ಮೊಬೈಲಿಗೂ ಆತಂಕಕ್ಕೂ ಸಂಬಂಧವೇ ಇಲ್ಲ ಅಂದುಕೊಳ್ಳೋಣ. ಆಗಲೂ ಬರೀ ಆಕಸ್ಮಿಕವಾಗಿ ಇಷ್ಟು ಅಥವಾ ಇದಕ್ಕಿಂತ ಜಾಸ್ತಿ ಸಂಬಂಧ ಕಾಣುವ ಸಾಧ್ಯತೆ ನೂರಕ್ಕೆ ನಾಲ್ಕು. ಅಷ್ಟನ್ನೇ ಅದು ಹೇಳುವುದು. ನಿಮ್ಮ ತೀರ್ಮಾನ ಎಷ್ಟು ನಿಜ ಎಂದು ಅದು ಹೇಳುವುದೇ ಇಲ್ಲ.

ಕೋಷ್ಟಕದಲ್ಲಿ ಇಪ್ಪತ್ತು ಸಾಲುಗಳಿವೆ. ಆತಂಕದ ಜೊತೆ ನಿದ್ದೆ, ಊಟ, ಅಂಕ, ಒಡಹುಟ್ಟಿದವರ ಸಂಖ್ಯೆ, ಎಲ್ಲವನ್ನೂ ತಾಳೆ ನೋಡಿದ್ದೀರಿ. ನಕ್ಷತ್ರ, ಅಂದರೆ ಪಿ ವ್ಯಾಲ್ಯೂ 0.05ಕ್ಕಿಂತ ಕಡಿಮೆ ಬಂದ ಗುರುತು, ಬಿದ್ದದ್ದು ಮೊಬೈಲಿನ ಸಾಲಿಗೆ ಮಾತ್ರ. ಯಾವುದಕ್ಕೂ ಸಂಬಂಧವಿಲ್ಲದಿದ್ದರೂ, 0.05ರ ಗೆರೆ ಇಟ್ಟುಕೊಂಡು ಒಂದಕ್ಕೊಂದು ನಂಟಿಲ್ಲದ ಇಪ್ಪತ್ತು ಪರೀಕ್ಷೆ ಮಾಡಿದರೆ ಒಂದಕ್ಕಾದರೂ ನಕ್ಷತ್ರ ಬೀಳುವ ಸಾಧ್ಯತೆ ಸುಮಾರು ಶೇ. 64. ಉಳಿದ ಹತ್ತೊಂಬತ್ತು ಸಾಲುಗಳ ಬಗ್ಗೆ ಲೇಖನದಲ್ಲಿ ಒಂದು ಮಾತೂ ಇಲ್ಲ. ಹೇಳಲೇಬೇಕು.

ಇನ್ನು ಮೊಬೈಲಿಗೂ ಆತಂಕಕ್ಕೂ ನೀವು ಕೊಟ್ಟ ಸಹಸಂಬಂಧ 0.36 (ನಂಟೇ ಇಲ್ಲದಿದ್ದರೆ 0, ಪೂರ್ತಿ ಜೊತೆಜೊತೆಗೆ ಏರಿಳಿದರೆ 1). ಒಂದು ಕಾಗದದ ಮೇಲೆ ಲೆಕ್ಕ ಹಾಕಿ ನೋಡಿದೆ. 32 ಜನರಿಂದ ಬಂದ 0.36ರ ಶೇ. 95ರ ವಿಶ್ವಾಸಾಂತರ, ಅಂದರೆ ನಿಜವಾದ ಅಂಕಿ ಇರಬಹುದಾದ ವ್ಯಾಪ್ತಿ, 0.01ರಿಂದ 0.63ರವರೆಗೆ ಹರಡಿಕೊಂಡಿದೆ. ಅಂದರೆ ಸಂಬಂಧ ಇಲ್ಲವೇ ಇಲ್ಲ ಎನ್ನುವಷ್ಟು ಸಣ್ಣದಿರಬಹುದು, ಗಟ್ಟಿಯಾಗಿಯೂ ಇರಬಹುದು. ಇದನ್ನು ಹಾಗೇ ಬರೆದರೆ ಲೇಖನ ಸಪ್ಪೆಯಾಗುತ್ತದೆ ಎಂದು ಹೆದರಬೇಡಿ.

ಅಂಕಿಗಳಿಗಿಂತ ನನ್ನನ್ನು ಕಾಡಿದ್ದು ಆ ಅಂಕಿ ಹುಟ್ಟಿದ ರೀತಿ. ಗೂಗಲ್ ಫಾರಂ ಹೋದದ್ದು ವಾಟ್ಸಾಪ್ ಗುಂಪಿಗೆ, ರಾತ್ರಿ ಹನ್ನೊಂದಕ್ಕೆ, ಸೆಮಿಸ್ಟರ್ ಪರೀಕ್ಷೆಯ ಹಿಂದಿನ ವಾರ. ಹೀಗೆಂದು ನೀವೇ ಬರೆದಿದ್ದೀರಿ. ಆ ಹೊತ್ತಲ್ಲಿ ಫಾರಂ ತುಂಬಿದವರು ಯಾರು? ಮೊಬೈಲ್ ಕೈಯಲ್ಲಿ ಹಿಡಿದು ಎಚ್ಚರವಿದ್ದವರು. ಬೇಗ ಮಲಗಿದವರು ನಿಮ್ಮ ಲೆಕ್ಕಕ್ಕೆ ಸಿಕ್ಕಿದ್ದು ಕಡಿಮೆ. ಪರೀಕ್ಷೆಯ ಆತಂಕವನ್ನು ಮೊಬೈಲಿನ ತಲೆಗೆ ಕಟ್ಟಿದಂತಾಯಿತೋ ಏನೋ. ಮೂರನೇ ಪ್ರಶ್ನೆ ಅಂತೂ ‘ಮೊಬೈಲ್‌ನಿಂದ ನಿಮ್ಮ ಆತಂಕ ಹೆಚ್ಚಾಗುತ್ತಿದೆಯೇ?’ ಎಂದಿದೆ. ಉತ್ತರವನ್ನು ನೀವೇ ಬಾಯಿಗೆ ಇಟ್ಟುಬಿಟ್ಟಿರಿ! ಆತಂಕದ ಪ್ರಶ್ನೆಗಳಲ್ಲಿ ಮೊಬೈಲಿನ ಸುದ್ದಿಯೇ ಬರಬಾರದಿತ್ತು. ಬಳಕೆಯ ಗಂಟೆಗಳನ್ನು ನೆನಪಿನಿಂದ ಬರೆಸುವ ಬದಲು ಫೋನಿನಲ್ಲೇ ಇರುವ ಸ್ಕ್ರೀನ್ ಟೈಮ್ ನೋಡಿ ಬರೆಯಿರಿ ಎನ್ನಬಹುದಿತ್ತು. ಒಬ್ಬಾಕೆ ದಿನಕ್ಕೆ ‘16 ಗಂಟೆ’ ಎಂದು ಬರೆದಿದ್ದಾಳೆ. ಅವಳೊಬ್ಬಳೇ ನಿಮ್ಮ ಸರಾಸರಿಯನ್ನು ಮೇಲಕ್ಕೆಳೆಯುತ್ತಾಳೆ. ಮಧ್ಯಾಂಕ, ಅಂದರೆ ಎಲ್ಲರ ಗಂಟೆಗಳನ್ನು ಏರಿಕೆಯಲ್ಲಿ ಜೋಡಿಸಿದಾಗ ನಟ್ಟನಡುವೆ ಬರುವ ಅಂಕಿ, ಕೊಡಬೇಕಾದದ್ದು ಇಂಥ ಕಡೆ.

ಇಷ್ಟೆಲ್ಲ ಆದ ಮೇಲೂ ಲೇಖನವನ್ನು ಉಳಿಸುವುದು ಕೊನೆಯಲ್ಲಿರುವ ಆ ಹುಡುಗಿಯರ ಮಾತುಗಳು. ‘ನಿದ್ದೆ ಬರಲ್ಲ ಅಂತ ಮೊಬೈಲ್ ಹಿಡೀತೀನಿ ಮೇಡಂ, ಮೊಬೈಲ್ ಹಿಡಿದು ನಿದ್ದೆ ಕೆಟ್ಟಿದ್ದಲ್ಲ’ ಎಂದು ಒಬ್ಬಳು ಹೇಳಿದ್ದನ್ನು ಬರೆದಿದ್ದೀರಿ. ಬರೆದು ಮುಂದೆ ಹೋಗಿಬಿಟ್ಟಿದ್ದೀರಿ. ನಿಮ್ಮ ಇಡೀ ತೀರ್ಮಾನವನ್ನು ಅವಳು ಒಂದೇ ಮಾತಲ್ಲಿ ತಿರುಗಿಸಿಟ್ಟಿದ್ದಾಳೆ. ಕಾರಣ ಯಾವುದು, ಪರಿಣಾಮ ಯಾವುದು ಎಂದು ಒಂದೇ ದಿನದ ಸಮೀಕ್ಷೆಯಿಂದ ತಿಳಿಯುವುದಿಲ್ಲ ಎಂಬುದಕ್ಕೆ ಪಠ್ಯಪುಸ್ತಕದ ಉದಾಹರಣೆ ಯಾಕೆ ಬೇಕು? ಲೇಖನವನ್ನು ಅವಳ ಮಾತಿನಿಂದಲೇ ಶುರು ಮಾಡಿ. ಆಮೇಲೆ ನಿಮ್ಮ ಸಮೀಕ್ಷೆ, ಅದು ಎಲ್ಲೆಲ್ಲಿ ಮುಗ್ಗರಿಸಿತು, ನಡುವೆ ಮೊಜಾರ್ಟ್. 1200 ಪದ ಸಾಕು.

ಒಂದು ವಿಷಯದಲ್ಲಿ ಮಾತ್ರ ಚೌಕಾಸಿ ಇಲ್ಲ. ಆಕೆಯ ಕೋಣೆ ನಂಬರ್, ತಾಲೂಕು, ಅಪ್ಪನ ಕೆಲಸ, ಮೂರನ್ನೂ ಹಾಕಿದ್ದೀರಿ. ಆ ಹಾಸ್ಟೆಲ್‌ನಲ್ಲಿ ಯಾರಿಗಾದರೂ ಅವಳು ಯಾರೆಂದು ಗೊತ್ತಾಗುತ್ತದೆ. ಮೂರನ್ನೂ ತೆಗೆಯಿರಿ. ತೆಗೆದ ಮೇಲೆ ಆ ಭಾಗವನ್ನು ಅವಳಿಗೇ ಓದಿ ಹೇಳಿ, ಅಚ್ಚಿಗೆ ಹೋಗುತ್ತದೆ ಎಂದು ತಿಳಿಸಿ, ಒಪ್ಪಿಗೆ ಕೇಳಿ. ಬೇಡ ಎಂದರೆ ಆ ಭಾಗ ಬಿಟ್ಟೇ ಬರೆಯಿರಿ, ಲೇಖನ ಬಡವಾದರೂ ಪರವಾಗಿಲ್ಲ. ತಿದ್ದಿದ ಪ್ರತಿಯ ಜೊತೆ ಪ್ರಶ್ನಾವಳಿಯನ್ನೂ ಇಪ್ಪತ್ತು ಸಾಲಿನ ಆ ಕೋಷ್ಟಕವನ್ನೂ ಕಳಿಸಿ.

ಇಂತಿ,
ಸಂಪಾದಕ