ಲೈಡನ್ ವಿಶ್ವವಿದ್ಯಾಲಯದ ಸಂಶೋಧನೆಯನ್ನು ಪೇಪರ್ ಎಣಿಸಿ ಅಳೆಯಬಹುದಾ?

ನೀವು ಕೇಳಿದ್ದು ಇದು: ಮಗಳಿಗೆ ನೆದರ್‌ಲೆಂಡ್ಸ್‌ನ ಲೈಡನ್ ವಿಶ್ವವಿದ್ಯಾಲಯದಲ್ಲಿ ಫಿಸಿಕ್ಸ್ ಎಂಎಸ್ಸಿಗೆ ಸೀಟು ಸಿಕ್ಕಿದೆ. ಸಂಶೋಧನೆಯಲ್ಲಿ ಅದು ಎಷ್ಟು ಗಟ್ಟಿ? ವರ್ಷಕ್ಕೆ ಎಷ್ಟು ಪೇಪರ್, ಅಂದರೆ ಸಂಶೋಧನಾ ಲೇಖನ, ಬರುತ್ತವೆ ಅಂತ ನೋಡಿ ತೀರ್ಮಾನ ಮಾಡಬಹುದಾ?

ಮೊದಲೇ ಹೇಳಿಬಿಡುತ್ತೇನೆ, ನಾನು ವಿಜ್ಞಾನಿ ಅಲ್ಲ. ಬೆಂಗಳೂರಿನ ಒಂದು ಪ್ರಯೋಗಾಲಯದಲ್ಲಿ ಹದಿನೇಳು ವರ್ಷದಿಂದ ಟೆಕ್ನಿಷಿಯನ್. ದ್ರವ ಹೀಲಿಯಂ, ಅಂದರೆ ವಿಪರೀತ ತಣ್ಣಗೆ ಮಾಡಿ ದ್ರವವಾಗಿಸಿದ ಹೀಲಿಯಂ ಅನಿಲ, ತುಂಬುವುದು ನನ್ನ ಕೆಲಸ. ಲೈಡನ್‌ಗೆ ಕಾಲಿಟ್ಟಿಲ್ಲ. ಆದರೆ ನನ್ನ ಈ ಕೆಲಸ ಹುಟ್ಟಿದ್ದೇ ಆ ಊರಿನಲ್ಲಿ. ಹಾಗಾಗಿ ಅಲ್ಲಿನ ಕಥೆಯನ್ನು ಹುಡುಕಿ ಹುಡುಕಿ ಓದಿದ್ದೇನೆ.

ಎಣಿಕೆಯ ವಿಷಯ ಬೇಗ ಮುಗಿಸೋಣ. ತಮಾಷೆ ಏನಂದರೆ, ವಿಶ್ವವಿದ್ಯಾಲಯಗಳ ಪೇಪರ್ ಎಣಿಸುವ ಹೆಸರಾಂತ ಪಟ್ಟಿಯೊಂದು ಬರುವುದೇ ಲೈಡನ್ ವಿಶ್ವವಿದ್ಯಾಲಯದ ಒಂದು ಕೇಂದ್ರದಿಂದ. ಅದರ ಹೆಸರೇ ಲೈಡನ್ ರ‍್ಯಾಂಕಿಂಗ್. ಅದರಲ್ಲಿ ಎಲ್ಲವನ್ನೂ ಕಲಸಿ ಒಂದೇ ಅಂಕ ಕೊಡುವುದಿಲ್ಲ. ಒಟ್ಟು ಎಷ್ಟು ಪೇಪರ್ ಅನ್ನುವುದು ಒಂದು ಕಾಲಂ. ಅವುಗಳಲ್ಲಿ ಎಷ್ಟು ಪಾಲು ಆಯಾ ವಿಷಯದಲ್ಲಿ ಬೇರೆಯವರು ಅತಿ ಹೆಚ್ಚು ಉಲ್ಲೇಖಿಸಿದ ಶೇ. 10ರೊಳಗೆ ಬಂದಿವೆ ಅನ್ನುವುದು ಇನ್ನೊಂದು ಕಾಲಂ. ಮೊದಲನೆಯದರಲ್ಲಿ ದೊಡ್ಡ ಸಂಸ್ಥೆಗಳು ಸುಮ್ನೆ ಮೇಲೆ ಬರುತ್ತವೆ. ಜನ ಜಾಸ್ತಿ, ಪೇಪರ್ ಜಾಸ್ತಿ, ಅಷ್ಟೇ. ನೋಡುವುದಾದರೆ ಎರಡನೆಯದನ್ನು ನೋಡಿ. 2015ರಲ್ಲಿ ಇದೇ ಕೇಂದ್ರದವರು ಇನ್ನು ಕೆಲವರ ಜೊತೆ ಸೇರಿ ‘ಲೈಡನ್ ಮ್ಯಾನಿಫೆಸ್ಟೊ’ ಅಂತ ಹತ್ತು ಸೂತ್ರ ಪ್ರಕಟಿಸಿದರು. ಅಂಕಿ ಅಂಶ ಇರಲಿ, ಆದರೆ ಅದು ವಿಷಯ ಬಲ್ಲವರ ತೀರ್ಪಿಗೆ ಆಸರೆಯಾಗಿರಲಿ ಅನ್ನುವುದು ಮೊದಲ ಸೂತ್ರ. ತಕ್ಕಡಿ ಮಾಡುವವರೇ ಬರೀ ತಕ್ಕಡಿ ನಂಬಬೇಡಿ ಅಂದ ಹಾಗಾಯಿತು.

ಈಗ ನನಗೆ ಗೊತ್ತಿರುವ ವಿಷಯಕ್ಕೆ ಬರುತ್ತೇನೆ.

1882ರಲ್ಲಿ ಹೈಕೆ ಕಾಮರ್ಲಿಂಗ್ ಒನ್ನೆಸ್ ಅಲ್ಲಿ ಫಿಸಿಕ್ಸ್ ಪ್ರೊಫೆಸರ್ ಆದರು. ಆಗ ಅವರಿಗೆ ವಯಸ್ಸು 29. ಅವರ ಮೊದಲ ಭಾಷಣದ ಮಂತ್ರವನ್ನು ಕನ್ನಡದಲ್ಲಿ ಹೇಳಬೇಕೆಂದರೆ ‘ಅಳತೆಯಿಂದ ಅರಿವು’. ಅನಿಲಗಳನ್ನು ತಣ್ಣಗೆ ಮಾಡಿ ದ್ರವ ಮಾಡುವ ಹಠಕ್ಕೆ ಬಿದ್ದರು. 1895ರಲ್ಲಿ ಒತ್ತಡದ ಸಿಲಿಂಡರುಗಳು ಎಲ್ಲಿ ಸಿಡಿಯುತ್ತವೋ ಅಂತ ಊರಿನವರು ತಕರಾರು ತೆಗೆದರು, ಕೆಲಸ ಸುಮಾರು ಮೂರು ವರ್ಷ ನಿಂತುಹೋಯಿತು. ಊರಿನವರ ಹೆದರಿಕೆ ಸುಳ್ಳಲ್ಲ. 1807ರಲ್ಲಿ ಅದೇ ಊರಿನ ಕಾಲುವೆಯಲ್ಲಿ ಮದ್ದು ತುಂಬಿದ ಹಡಗು ಸಿಡಿದು ಬೀದಿಗಳೇ ನೆಲಸಮ ಆಗಿದ್ದವು. ಆ ಪಾಳು ಜಾಗದಲ್ಲೇ ಪ್ರಯೋಗಾಲಯ ಕಟ್ಟಿದ್ದರು!

ನನಗೆ ಇಷ್ಟವಾದ ಭಾಗ ಇದರ ನಂತರದ್ದು. ಬೇಕಾದ ಪಂಪು, ಗಾಜಿನ ಪಾತ್ರೆ ಪೇಟೆಯಲ್ಲಿ ಸಿಗುತ್ತಿರಲಿಲ್ಲ. ಹಾಗಾಗಿ ಒನ್ನೆಸ್ 1901ರಲ್ಲಿ ಉಪಕರಣ ಮಾಡುವವರಿಗೇ ಒಂದು ಶಾಲೆ ಕಟ್ಟಿದರು. ಹುಡುಗರು ಗಾಜು ಊದುವುದು, ಲೇತ್ ಕೆಲಸ ಎಲ್ಲ ಕಲಿತರು. ನೀಲಿ ಕೋಟು ಹಾಕುತ್ತಿದ್ದರಿಂದ ಅವರಿಗೆ ‘ನೀಲಿ ಹುಡುಗರು’ ಅಂತಲೇ ಹೆಸರು. ಆ ಶಾಲೆ ಈಗಲೂ ನಡೆಯುತ್ತಿದೆ. ಇದು ಯಾವ ಪೇಪರ್ ಎಣಿಕೆಯಲ್ಲಿ ಬರುತ್ತೆ ಹೇಳಿ?

1908ರ ಜುಲೈ 10. ಹಿಂದಿನ ದಿನವೇ 75 ಲೀಟರ್ ದ್ರವ ಗಾಳಿ ಮಾಡಿಟ್ಟಿದ್ದರು. ಬೆಳಗ್ಗೆ ಆರಕ್ಕೂ ಮುಂಚೆ ಕೆಲಸ ಶುರು. ದ್ರವ ಗಾಳಿಯ ತಂಪಿನಿಂದ 20 ಲೀಟರ್ ದ್ರವ ಹೈಡ್ರೋಜನ್, ಅದರ ತಂಪಿನಿಂದ ಹೀಲಿಯಂ. ಮೆಟ್ಟಿಲು ಮೆಟ್ಟಿಲಾಗಿ ಇಳಿಯಬೇಕು. ಸಂಜೆ ಹೊತ್ತಿಗೆ ಥರ್ಮಾಮೀಟರ್ ಒಂದು ಕಡೆ ನಿಂತುಬಿಟ್ಟಿತು. ಕೆಳಗೆ ಇಳಿಯುತ್ತಲೇ ಇಲ್ಲ. ಸೋತೆವು ಅಂದುಕೊಳ್ಳುವಷ್ಟರಲ್ಲಿ, ನೋಡಲು ಬಂದಿದ್ದ ಕೆಮಿಸ್ಟ್ರಿ ಪ್ರೊಫೆಸರ್ ಸ್ಕ್ರೈನೆಮಾಕರ್ಸ್, ಥರ್ಮಾಮೀಟರ್ ದ್ರವದಲ್ಲೇ ಮುಳುಗಿರಬಹುದಲ್ವಾ ಅಂದರು. ಪಾತ್ರೆಯ ಕೆಳಗಿನಿಂದ ಬೆಳಕು ಬಿಟ್ಟರು. ದ್ರವದ ಅಂಚು ಚಾಕುವಿನ ಬಾಯಿಯ ಹಾಗೆ ಕಂಡಿತು. ಅಷ್ಟು ದಿನದ ಹೋರಾಟಕ್ಕೆ ಸಿಕ್ಕಿದ್ದು ಸುಮಾರು 60 ಮಿಲಿಲೀಟರ್. ಒಂದು ಸಣ್ಣ ಲೋಟದ ಕಾಫಿಯಷ್ಟು. ತಂಪು ಮೈನಸ್ 269 ಡಿಗ್ರಿ.

ಅದರ ಬೆಲೆ ನನಗೆ ಕೈಯಾರೆ ಗೊತ್ತು. ದ್ರವ ಹೀಲಿಯಂಗೆ ಒಂದು ವ್ಯಾಟ್ ಶಾಖ ತಾಗಿದರೆ ಸಾಕು, ಗಂಟೆಗೆ ಸುಮಾರು 1.4 ಲೀಟರ್ ಕುದಿದು ಹೋಗುತ್ತದೆ. ಕೆಲಸಕ್ಕೆ ಸೇರಿದ ವರ್ಷ ನಾನು ಒಂದು ತಪ್ಪು ಮಾಡಿದೆ. ಪಾತ್ರೆಯನ್ನು ಮೊದಲು ದ್ರವ ನೈಟ್ರೋಜನ್‌ನಿಂದ ತಣ್ಣಗೆ ಮಾಡದೆ ಹೀಲಿಯಂ ಪೈಪು ಇಳಿಸಿದೆ. ಬುಸ್ಸ್ ಅಂತ ಸದ್ದು, ಬಿಳಿ ಹೊಗೆ, ಪೈಪಿನ ಮೇಲೆಲ್ಲ ಹಿಮ. ಆವಿಯಾದ ಹೀಲಿಯಂ ಹಿಡಿಯಲು ಮಾಡಿನ ಕೆಳಗೆ ಕಟ್ಟಿದ್ದ ಗ್ಯಾಸ್ ಬಲೂನು ಹೊಟ್ಟೆ ಉಬ್ಬಿಸಿಕೊಂಡು ಗೋಡೆಗೆ ಒತ್ತಿತು. ಮಧ್ಯಾಹ್ನದ ಹೊತ್ತಿಗೆ ಅರ್ಧ ಡ್ಯೂವರ್ (ಹೀಲಿಯಂ ಇಡುವ ಥರ್ಮಾಸ್‌ನಂಥ ದೊಡ್ಡ ಪಾತ್ರೆ) ಖಾಲಿ, ತುಂಬಬೇಕಿದ್ದ ಪಾತ್ರೆಯಲ್ಲಿ ಒಂದು ಹನಿ ಇಲ್ಲ. ನಮ್ಮ ಹಿರಿಯ ಟೆಕ್ನಿಷಿಯನ್ ಬೈಯಲಿಲ್ಲ. “ಮೆಟ್ಟಿಲು ಹತ್ತುವಾಗ ಹಾರಬಹುದು ಕಣಪ್ಪ, ಇಳಿಯುವಾಗ ಹಾರಬಾರದು” ಅಂದರು ಅಷ್ಟೇ.

ಲೈಡನ್‌ನವರ ಹತ್ತಿರ ಈ ತಂಪು ಇತ್ತು, 1923ರವರೆಗೆ ಜಗತ್ತಿನಲ್ಲಿ ಇನ್ಯಾರ ಹತ್ತಿರವೂ ಇರಲಿಲ್ಲ. ಆ ವರ್ಷ ಟೊರಾಂಟೊದಲ್ಲಿ ಎರಡನೇ ಬಾರಿ ಮಾಡಿದರು. ಹದಿನೈದು ವರ್ಷ ಒಬ್ಬರದೇ ಅಂಗಡಿ. ಅಲ್ಲಿ ಮಾರಾಟಕ್ಕಿದ್ದ ಸರಕು ಪೇಪರ್ ಅಲ್ಲ, ತಂಪು.

1911ರ ಏಪ್ರಿಲ್ 8ರಂದು ಪಾದರಸದ ವಿದ್ಯುತ್ ತಡೆಯನ್ನು ಅಳೆಯುತ್ತಿದ್ದರು. ಪಾದರಸವೇ ಯಾಕೆ ಅಂದರೆ, ಬಟ್ಟಿ ಇಳಿಸಿ ತುಂಬಾ ಶುದ್ಧ ಮಾಡಬಹುದು. ಒನ್ನೆಸ್ ಅವರ ನೋಟ್‌ಬುಕ್ಕಿನಲ್ಲಿ ಪೆನ್ಸಿಲ್‌ನಲ್ಲಿ ಒಂದು ಸಾಲು ಇದೆ: ‘ಪಾದರಸ ಹೆಚ್ಚುಕಡಿಮೆ ಸೊನ್ನೆ.’ ಅಂದರೆ ತಡೆಯೇ ಇಲ್ಲ. ಎಲ್ಲೋ ಶಾರ್ಟ್ ಆಗಿರಬೇಕು ಅಂತ ಅನುಮಾನ ಪಟ್ಟು ಮತ್ತೆ ಮತ್ತೆ ನೋಡಿದರು. ಶಾರ್ಟ್ ಅಲ್ಲ, ಅದೇ ಸೂಪರ್‌ಕಂಡಕ್ಟಿವಿಟಿ. ಇವತ್ತು ಆಸ್ಪತ್ರೆಯ ಎಂಆರ್‌ಐ ಯಂತ್ರದಲ್ಲಿ ನಾವು ಮಲಗುತ್ತೇವಲ್ಲ, ಸುತ್ತ ಇರುವ ಅಯಸ್ಕಾಂತ ಸಾಮಾನ್ಯವಾಗಿ ಇದೇ ಗುಣದ ತಂತಿಯದು, ತಣ್ಣಗಿರುವುದು ದ್ರವ ಹೀಲಿಯಂನಿಂದ.

ಆದರೆ ಅದೇ ದಿನದ ಅದೇ ಪುಟಗಳಲ್ಲಿ ಇನ್ನೊಂದು ಸಾಲು ಇದೆ. ಉಷ್ಣತೆ ಇನ್ನೂ ಇಳಿದಾಗ ಹೀಲಿಯಂನ ಕುದಿತ ತಟ್ಟನೆ ನಿಂತಿತು, ದ್ರವ ಸದ್ದಿಲ್ಲದೆ ಆವಿಯಾಗತೊಡಗಿತು ಅಂತ. ಬರೆದರು, ಮುಂದೆ ಹೋದರು. ಅದು ಸೂಪರ್‌ಫ್ಲೂಯಿಡ್, ಅಂಟೇ ಇಲ್ಲದೆ ಹರಿಯುವ ದ್ರವ. ಜಗತ್ತು ಅದನ್ನು ಗುರುತಿಸಿದ್ದು 1938ರ ಹೊತ್ತಿಗೆ, ಬೇರೆ ಊರುಗಳಲ್ಲಿ. ಒಂದೇ ದಿನ ಎರಡು ನಿಧಿ ಕಣ್ಣೆದುರು ಬಂದವು, ಒಂದನ್ನು ಮಾತ್ರ ಎತ್ತಿಕೊಂಡರು. ಎರಡನೆಯದು ಪೇಪರ್ ಆಗಲಿಲ್ಲ, ಎಣಿಕೆಗೂ ಬರಲಿಲ್ಲ.

ಒಂದು ಬೇಸರವನ್ನೂ ಹೇಳಿಬಿಡುತ್ತೇನೆ. ಆ ದಿನ ತಡೆಯ ಅಳತೆ ಮಾಡಿದ್ದು ಖಿಲೆಸ್ ಹೋಲ್ಸ್ಟ್. ತಂಪಿನ ಯಂತ್ರ ನೋಡಿಕೊಂಡಿದ್ದು ಫ್ಲಿಮ್ ಅನ್ನುವ ಟೆಕ್ನಿಷಿಯನ್. ಪೇಪರಿನ ಮೇಲೆ ಹೆಸರು ಒನ್ನೆಸ್ ಒಬ್ಬರದೇ. 1913ರ ನೊಬೆಲ್ ಕೂಡ. ಆಗಿನ ಕಾಲದ ಪದ್ಧತಿ ಹಾಗಿತ್ತು ಅನ್ನುತ್ತಾರೆ. ಇರಬಹುದು, ಆದರೂ ನನಗೆ ಸರಿ ಅನಿಸುವುದಿಲ್ಲ. ನನ್ನ ಹೆಸರು ಮೂರು ಪೇಪರುಗಳ ಕೊನೆಯಲ್ಲಿ, ಥ್ಯಾಂಕ್ಸ್ ಹೇಳುವ ಕಡೆ ಬಂದಿದೆ. ಒಂದರಲ್ಲಿ ಸ್ಪೆಲ್ಲಿಂಗ್ ತಪ್ಪು. ಆ ಮೂರನ್ನೂ ಪ್ರಿಂಟ್ ತೆಗೆದು ಇಟ್ಟುಕೊಂಡಿದ್ದೇನೆ.

ಹಾಗಾಗಿ ನಿಮ್ಮ ಮಗಳು ಇಡೀ ವಿಶ್ವವಿದ್ಯಾಲಯದ ಲೆಕ್ಕ ಬಿಟ್ಟು, ತಾನು ಸೇರುವ ಗುಂಪಿನ ಕಳೆದ ಮೂರ‍್ನಾಲ್ಕು ವರ್ಷದ ಪೇಪರ್ ತೆರೆಯಲಿ. ಮೊದಲ ಹೆಸರು ವಿದ್ಯಾರ್ಥಿಗಳದ್ದಾ ನೋಡಲಿ. ಕೊನೆಯಲ್ಲಿ ವರ್ಕ್‌ಶಾಪಿನವರಿಗೆ ಹೆಸರು ಹಿಡಿದು ಥ್ಯಾಂಕ್ಸ್ ಇದೆಯಾ ನೋಡಲಿ. ಈಗ ಅಲ್ಲಿ ಓದುತ್ತಿರುವ ಒಬ್ಬರಿಗೆ ಮೇಲ್ ಹಾಕಿ, ಯಂತ್ರ ಕೆಟ್ಟರೆ ಎಷ್ಟು ದಿನಕ್ಕೆ ಸರಿಯಾಗುತ್ತೆ ಅಂತ ಕೇಳಲಿ. ಈ ಕೊನೆಯ ಪ್ರಶ್ನೆಗೆ ನಗುತ್ತಾ ಉತ್ತರ ಬಂದರೆ ಧೈರ್ಯವಾಗಿ ಹೋಗಬಹುದು.

ಹೋದರೆ ಅಲ್ಲಿನ ಬೂರ್ಹಾವ ಮ್ಯೂಸಿಯಂನಲ್ಲಿ ಒನ್ನೆಸ್ ಅವರ ಹೀಲಿಯಂ ಯಂತ್ರ ಇಟ್ಟಿದ್ದಾರೆ. ಗಾಜಿನ ಭಾಗವನ್ನು ಹತ್ತಿರದಿಂದ ಒಂದು ಫೋಟೋ ತೆಗೆದು ಇಲ್ಲಿ ಹಾಕೋಕೆ ಹೇಳಿ. ಬೆಸುಗೆ ಹೇಗೆ ಮಾಡಿದ್ದಾರೆ ಅಂತ ನನಗೆ ನೋಡಬೇಕು.