ಪ್ರತಿ: 1600 ಮೀಟರ್‌ಗೆ 7 ನಿಮಿಷ ಆಗ್ತಿದೆ, ಕಾನ್‌ಸ್ಟೆಬಲ್ ಅರ್ಜಿ ಯಾವ ಘಟಕಕ್ಕೆ ಹಾಕಲಿ?

ಕುಂದಗೋಳದವರು ಹುಬ್ಬಳ್ಳಿ-ಧಾರವಾಡ ಕಮಿಷನರೇಟಿಗೆ ಹಾಕಬಹುದಾ ಅಂತ ಕೇಳಿದ್ದೀರಿ. ಧಾರಾಳವಾಗಿ ಹಾಕ್ರಿ. ಆದರೆ ಕಮಿಷನರೇಟ್ ಅಂದರೆ ನಗರ ಪೊಲೀಸ್ ಬೇರೆ, ಧಾರವಾಡ ಜಿಲ್ಲಾ ಪೊಲೀಸ್ ಬೇರೆ ಘಟಕ. ಅಧಿಸೂಚನೆಯಲ್ಲಿ ನಿಮ್ಮ ಮೀಸಲಾತಿಗೆ ಎಲ್ಲಿ ಎಷ್ಟು ಹುದ್ದೆ ಇವೆ ನೋಡಿಯೇ ಆರಿಸಿ. ನಿಮ್ಮದು ಪಿಯುಸಿ ಆಗಿದೆಯಲ್ಲ, ಸಿವಿಲ್ ಅಂದರೆ ಠಾಣೆಯ ಕಾನ್‌ಸ್ಟೆಬಲ್ ಹುದ್ದೆಗೆ ಅದು ಸಾಕು. ಸಶಸ್ತ್ರ ಮೀಸಲು ಪಡೆಗೆ ಎಸ್ಸೆಸ್ಸೆಲ್ಸಿ ನಡೆಯುತ್ತೆ.

ಈಗ ಓಟ. ಗಂಡುಮಕ್ಕಳಿಗೆ 6 ನಿಮಿಷ 30 ಸೆಕೆಂಡ್. 400 ಮೀಟರ್ ಟ್ರ್ಯಾಕಿನಲ್ಲಿ ನಾಲ್ಕು ಸುತ್ತು, ಅಂದರೆ ಸುತ್ತಿಗೆ 97.5 ಸೆಕೆಂಡ್. ಬಹಳ ಮಂದಿ ಮೊದಲ ಸುತ್ತನ್ನೇ 80ಕ್ಕೆ ಓಡಿ ಮೂರನೆಯದರಲ್ಲಿ ಕುಸಿಯುತ್ತಾರೆ. ಮೊದಲನೆಯದು 95ಕ್ಕಿಂತ ಬೇಗ ಬೇಡ. ವಾರಕ್ಕೆ ಎರಡು ದಿನ 400 ಮೀಟರನ್ನು 90 ಸೆಕೆಂಡಿನಲ್ಲಿ ಓಡಿ, ಎರಡು ನಿಮಿಷ ನಡೆದು, ಹೀಗೆ ಆರು ಸಲ. ಡಾಂಬರ್ ರಸ್ತೆ ಮೇಲೆ ದಿನಾ ಓಡಿದರೆ ಮೊಣಕಾಲ ಕೆಳಗಿನ ಎಲುಬು ನೋಯುತ್ತೆ. ಮಣ್ಣಿನ ಮೈದಾನ ಹುಡುಕಿ.

ಗುಂಡು ಎಸೆತ ಯಾರೂ ಕಲಿಯೋದಿಲ್ಲ, ಅಲ್ಲೇ ಫೇಲ್ ಆಗ್ತಾರೆ. 7.26 ಕೆ.ಜಿ. ಗುಂಡನ್ನು 5.60 ಮೀಟರ್ ದೂರ ಎಸೆಯಬೇಕು. ಗುಂಡು ಕುತ್ತಿಗೆಗೆ ತಾಗಿರಲಿ. ಕ್ರಿಕೆಟ್ ಚೆಂಡಿನ ಹಾಗೆ ಬೀಸದೆ, ಕಾಲಿನಿಂದ ಬಲ ತಂದು ತಳ್ಳಬೇಕು.

ಲಿಖಿತ ಪರೀಕ್ಷೆಯಲ್ಲಿ ನಾಲ್ಕು ತಪ್ಪು ಉತ್ತರಕ್ಕೆ ಒಂದು ಅಂಕ ಕಡಿತ. ಗ್ರಾಮೀಣ, ಕನ್ನಡ ಮಾಧ್ಯಮ ಮೀಸಲಾತಿ ಕೇಳೋದಿದ್ದರೆ ಅವುಗಳ ಪ್ರಮಾಣಪತ್ರಗಳನ್ನು ನಿಗದಿತ ನಮೂನೆಯಲ್ಲೇ, ಅರ್ಜಿಯ ಕೊನೇ ದಿನಾಂಕದೊಳಗೆ ಮಾಡಿಸಿಟ್ಟುಕೊಳ್ಳಿ.