ಜನಗಣತಿಗೆ ಡಿಜಿಟಲ್ ನಕ್ಷೆಯಿಂದ ಏನು ಉಪಯೋಗ?

ಜನಗಣತಿಯಲ್ಲಿ ತಲೆ ಎಣಿಸುವುದಕ್ಕಿಂತ ಕಷ್ಟ, ಯಾವ ಮನೆಯೂ ಬಿಟ್ಟುಹೋಗದಂತೆ, ಎರಡು ಸಲ ಲೆಕ್ಕಕ್ಕೆ ಬರದಂತೆ ನೋಡಿಕೊಳ್ಳುವುದು. ಅದಕ್ಕೇ ದೇಶವನ್ನು ಮೊದಲು ಸಣ್ಣ ಸಣ್ಣ ಬ್ಲಾಕ್‌ಗಳಾಗಿ ಹಂಚುತ್ತಾರೆ. ಕೈಯಲ್ಲಿ ಬರೆದ ನಕ್ಷೆಯಲ್ಲಿ ಒಂದು ಬ್ಲಾಕ್ ಎಲ್ಲಿ ಮುಗಿಯುತ್ತದೆ ಅನ್ನುವುದೇ ಗೊಂದಲ. ಉಪಗ್ರಹ ಚಿತ್ರದ ಮೇಲೆ ಗಡಿ ಎಳೆದು ಟ್ಯಾಬ್ಲೆಟ್‌ಗೆ ಹಾಕಿಕೊಟ್ಟರೆ, ಗಣತಿದಾರರು ಗಡಿ ದಾಟಿದ್ದು ಜಿಪಿಎಸ್‌ನಿಂದ ತಕ್ಷಣ ಗೊತ್ತಾಗುತ್ತದೆ. ಚಿತ್ರದಲ್ಲಿ ಚಾವಣಿ ಇದೆ, ಪಟ್ಟಿಯಲ್ಲಿ ಮನೆ ಇಲ್ಲ ಅಂದರೆ ಮೇಲ್ವಿಚಾರಕರು ಬೇಗನೆ ಮತ್ತೆ ಕಳಿಸಬಹುದು. ನನಗೆ ಇದೇ ದೊಡ್ಡ ಲಾಭ ಅನ್ನಿಸುತ್ತದೆ. ಎಣಿಕೆಯಿಂದ ತಪ್ಪಿಹೋಗುವುದು ಜಾಸ್ತಿ ಬಡವರ ಗುಡಿಸಲುಗಳೇ ಅಲ್ವಾ?

ಬ್ರೆಜಿಲ್ 2010ರಲ್ಲೇ ಜಿಪಿಎಸ್ ಇರುವ ಕೈಯಂತ್ರಗಳಿಂದ ಗಣತಿ ಮಾಡಿತು. ಆದರೆ ಚಿತ್ರ ಹಳೆಯದಾಗಿದ್ದರೆ ಹೊಸ ಮನೆಗಳು ಅದರಲ್ಲಿ ಇರುವುದಿಲ್ಲ. ಅಂಥ ಕಡೆ ನಡೆದು ನೋಡಲೇಬೇಕು.